ಕುಮ್ಕಿ

ಹೊಸ ಮೆಷಿನು ನನ್ನ ಹಳೆಯ ಡಿಸ್ಕನ್ನು ನುಂಗಿತು,
ಒಳಗೊಳಗೇ ಎರಡು ಸಲ ಗೊರಗುಟ್ಟಿತು,
ಮತ್ತೆ ನಾಲಗೆ ಚಾಚಿದ ಹಾಗೆ ಹೊರಗಿಟ್ಟಿತು.
ಪರದೆಯಲ್ಲಿ ಒಂದೇ ಸಾಲು: ಗುರುತು ಸಿಗಲಿಲ್ಲ.

ಈ ಸಾಲು ನನಗೇನೂ ಹೊಸತಲ್ಲ.
ಮಂಜೇಶ್ವರದ ರಿಜಿಸ್ಟ್ರಿ ಆಫೀಸಿನಲ್ಲಿ
ದಿನಕ್ಕೆ ನಾಲ್ಕು ಸಲವಾದರೂ ಸಜಿತಾ ಮೇಡಂ
ಇದನ್ನೇ ಮಲಯಾಳದಲ್ಲಿ, ಬಹಳ ಮರ್ಯಾದೆಯಿಂದ ಹೇಳುತ್ತಾರೆ,
ಮೂವತ್ತೊಂದನೇ ಇಸವಿಯ ಕಾಗದವನ್ನು
ನನ್ನ ಕಡೆ ತಿರುಗಿಸುತ್ತ.
ನಾನು ಕನ್ನಡಕ ಏರಿಸುತ್ತೇನೆ.
ಯಾವನೋ ಶಾನುಭೋಗನ ಕೊಕ್ಕೆ ಕೊಕ್ಕೆ ಕನ್ನಡ,
ಸಾಲಿನಿಂದ ಸಾಲಿಗೆ ಲೇಖನಿ ಎತ್ತಿದವನೇ ಅಲ್ಲ.
ಪುಟಕ್ಕೆ ಎಂಬತ್ತು ರೂಪಾಯಿ ನನಗೆ.

ವರ್ಗ ಅಂದರೆ ಇದು ಮೇಡಂ, ಮೂಲಗೇಣಿ ಅಂದರೆ ಇದು.
ಹೇಗೋ ದಾಟಿಸುತ್ತೇನೆ.
"ಎಂದಾ ಈ ಕುಮ್ಕಿ?" ಅನ್ನುತ್ತಾರೆ.
ಅಲ್ಲಿ ನನ್ನ ಬಂಡಿ ನಿಲ್ಲುತ್ತದೆ.
ಗದ್ದೆಯ ಅಂಚಿನಿಂದಾಚೆ ನೂರು ಗಜ,
ಸೊಪ್ಪು ಕಡಿಯಬಹುದು, ಸೌದೆ ಹೊರಬಹುದು,
ದನ ಮೇಯಿಸಬಹುದು.
ಜಾಗ ಮಾತ್ರ ನಿನ್ನದಲ್ಲ.
ಮೇಡಂ ಪೆನ್ನು ಕಚ್ಚುತ್ತಾರೆ.
"ಹಾಗಾದರೆ ಯಾರದ್ದು?"

ಆ ಡಿಸ್ಕು ಕೊಂಡದ್ದು ಉಪ್ಪಳದಲ್ಲಿ,
ಶಾರ್ಜಾದಿಂದ ಬಂದ ಪೆಟ್ಟಿಗೆ ಒಡೆದು ಮಾರುವ ಅಂಗಡಿಯಲ್ಲಿ,
ಕೈಗೆ ಬಂದ ಮೊದಲ ಸಂಬಳದಲ್ಲಿ.
ಪಕ್ಕದಲ್ಲಿ ನಿಂತಿದ್ದ ಹುಡುಗರು ನನ್ನ ಸೀರೆಯನ್ನೂ
ನನ್ನ ಕೈಯ ಡಿಸ್ಕನ್ನೂ ಹೊಂದಿಸಲಾರದೆ ಸೋತರು.
ದೀಪಸ್ತಂಭ ಹತ್ತುವ ಹುಡುಗಿಯ ಆಟ. ನಲವತ್ತು ಮಹಡಿ,
ಮಹಡಿಗೊಂದು ದೀಪ.
ಮೂವತ್ತಾರನೆಯದನ್ನು ಹಚ್ಚಿದ ರಾತ್ರಿ
ಮೆಷಿನಿನ ಕಣ್ಣು ಹೋಯಿತು.
ರಿಪೇರಿಯವನು ಮುಚ್ಚಳ ತೆಗೆದು ಮುಚ್ಚಿದ, ಅಷ್ಟೇ.
ಮೆಮೊರಿ ಕಾರ್ಡು ಈಗಲೂ ನನ್ನ ಡ್ರಾಯರಿನಲ್ಲಿದೆ,
ಅರಗಿನ ತುಂಡು, ಕೋರ್ಟು ಸ್ಟಾಂಪಿನ ಜೊತೆ.

ಪಕ್ಕದ ಮನೆಯ ಝಿಯಾದ್ ನೋಡಿ ನಕ್ಕ.
"ಡಿಸ್ಕ್ ಬಿಡಿ ಅಕ್ಕ, ಅದು ಕ್ಲೌಡಿನಲ್ಲಿ ಉಂಟು.
ಆ ಹಳೇ ಮೆಷಿನು ಚೆನ್ನೈಯಲ್ಲೋ ಮುಂಬಯಿಯಲ್ಲೋ
ಒಂದು ತಣ್ಣನೆ ಕೋಣೆಯಲ್ಲಿ ಓಡ್ತಾ ಇರ್ತದೆ,
ನಮಗೆ ಬರುವುದು ಚಿತ್ರ ಮಾತ್ರ.
ತಿಂಗಳಿಗೆ ಐನೂರು ಕಟ್ಟಿದರಾಯ್ತು."
"ಕಟ್ಟದಿದ್ದರೆ?"
"ಇಲ್ಲ."
"ಅವರೇ ಬಾಗಿಲು ಹಾಕಿದರೆ?"
ಅವನು ಮೊಬೈಲು ನೋಡಿದ.

ಮೇಡಂ, ಕುಮ್ಕಿಗೆ ಬೇರೆ ಶಬ್ದ ಸಿಕ್ಕಿತು,
ನಾಳೆ ಹೇಳುತ್ತೇನೆ. ನೀವು ನಂಬುವುದಿಲ್ಲ.

ಹದಿನೆಂಟು ವರ್ಷದ ಮೇಲೆ ಮತ್ತೆ ಅವಳು,
ಅದೇ ಕೆಂಪು ಕೊಡೆ, ಅದೇ ಬರಿಗಾಲು.
ಮೊದಲನೆಯ ಮಹಡಿಯಿಂದಲೇ ಶುರು,
ನನ್ನ ಮೂವತ್ತಾರು ದೀಪ ಅಲ್ಲಿಯವರಿಗೆ ಗೊತ್ತಿಲ್ಲ.
ಒತ್ತುವುದು ನಾನು ಇಲ್ಲಿ, ಹಾರುವುದು ಅವಳು ಅಲ್ಲಿ,
ಕಾಣುವುದು ಆಮೇಲೆ.
ಕಣ್ಣೆವೆಯಷ್ಟು ತಡ. ಆ ಎವೆಯಲ್ಲೇ ಮೂರು ಸಲ ಬಿದ್ದಳು.
ನಾಲ್ಕನೆಯ ಸಲಕ್ಕೆ ಬೆರಳು ಕಲಿತುಕೊಂಡಿತು
ಅಂಚು ಬರುವ ಮೊದಲೇ ಹಾರುವುದನ್ನು,
ಮೇಡಂ ಬಾಯಿ ತೆರೆಯುವ ಮೊದಲೇ
ನಾನು ಉತ್ತರ ಶುರುಮಾಡುವ ಹಾಗೆ.

ಕಳೆದ ತಿಂಗಳು ಆಫೀಸಿಗೂ ಸ್ಕ್ಯಾನಿನವರು ಬಂದಿದ್ದರು.
ಗೆದ್ದಲು ಕೊಡವಿ, ಒಂದೊಂದೇ ಪುಟ ಬೆಳಕಿಗೆ ಹಿಡಿದು,
ಎಲ್ಲ ಸೇಫ್ ಅಂದರು, ತಿರುವನಂತಪುರದಲ್ಲಿ.
ಅಕ್ಷರದ ಚಿತ್ರ ಹೋಯಿತು, ಓದುವುದು ಹೋಗಲಿಲ್ಲ.
ಮೊನ್ನೆಯಿಂದ ಮೇಡಂ ಕಾಗದ ತಿರುಗಿಸುವುದಿಲ್ಲ,
ಮಾನಿಟರು ತಿರುಗಿಸುತ್ತಾರೆ.
ನಲವತ್ತೇಳಾಯಿತು ನನಗೆ. ಎಡಗಣ್ಣಿಗೆ ಪೊರೆ ಅಂದಿದ್ದಾರೆ.
ನನ್ನನ್ನು ಯಾವ ತಣ್ಣನೆ ಕೋಣೆಯಲ್ಲಿ ಇಟ್ಟಾರು,
ಇಡಲು ಯಾರಾದರೂ ಕೇಳಿದ್ದಾರೆಯೇ,
ಅದು ಬೇರೆ ಮಾತು.

ರಾತ್ರಿ ಹತ್ತೂವರೆ. ಹನ್ನೊಂದನೆಯ ಮಹಡಿ.
ಹೊಸಂಗಡಿಯ ಹತ್ತಿರ ಹೈವೇಯ ಜೇಸಿಬಿ
ಎಲ್ಲೋ ಒಂದು ಕೇಬಲಿಗೆ ಹಲ್ಲು ಹಾಕಿರಬೇಕು.
ಪರದೆ ಚೌಕ ಚೌಕವಾಗಿ ಒಡೆದು ನಿಂತಿತು,
ಎರಡು ಕಿಟಕಿಗಳ ನಡುವೆ, ಗಾಳಿಯಲ್ಲಿ, ಅವಳು,
ಕೊಡೆ ಅರ್ಧ ಬಿಚ್ಚಿ.

ಹೆಬ್ಬೆರಳು ಎತ್ತಲಿಲ್ಲ ನಾನು.
ಅಲ್ಲಿ ಅವಳು ಆಗಲೇ ಹಾರಿಯಾಗಿದೆ,
ಆಚೆ ದಡಕ್ಕೆ ಕಾಲೂರಿದಳೋ, ಬಿದ್ದಳೋ.
ಸುದ್ದಿ ಇಲ್ಲಿಗೆ ಬಂದಿಲ್ಲ.