ಮೂರನೇ ಮಂಗಳವಾರ

ಬರುತ್ತೇವೆಂದವರು ಇಪ್ಪತ್ತಮೂರು. ಬಂದವರು ಆರು.
ಪಿಜ್ಜಾ ಮಾತ್ರ ಲೆಕ್ಕ ತಪ್ಪದೆ ಬಂದಿತ್ತು.

ತಾರ್ತುವಿನ ಗ್ರಂಥಾಲಯದ ಹಿಂಬದಿಯ ಕೋಣೆ,
ಹೊರಗೆ ನಾಲ್ಕಕ್ಕೇ ಬಿದ್ದ ಕತ್ತಲು.
ಮಾರಿಕಾ ಗೋಡೆಗೆ ಹಳದಿ ಚೀಟಿ ಅಂಟಿಸಿದಳು:
ಆಗಬೇಕಾದ್ದು, ಆಗುತ್ತಿರುವುದು, ಆದದ್ದು.
ಹೀಟರಿನ ಬಿಸಿಗೆ ಒಂದೊಂದೇ ಕಳಚಿ
ಮಾಡುವ ಕೆಲಸವೆಲ್ಲ ನೆಲದ ಪಾಲು.

"ಬದಲಾವಣೆಗೆ ಒಗ್ಗಿಕೊಳ್ಳಬೇಕು" ಅಂದ ಕೌಪೊ,
ಆರು ವರ್ಷದಿಂದ ಕೂರುವ ಅದೇ ಕುರ್ಚಿಯಲ್ಲಿ ಕೂತು.

ಬೀಗ ಹಾಕಲು ಬಂದ ಮುದುಕ ಉರ್ಮಸ್
ಬಾಗಿಲಲ್ಲೇ ನಿಂತು ಕೇಳಿಸಿಕೊಂಡ,
ಒಂದು ತುಂಡು ತಿಂದ,
ಪೆನ್ನು ಇಸಿದುಕೊಂಡು ಬರೆದ: ಕಿಟಕಿಯ ಚಿಲಕ ಸಡಿಲ.
ಜೇಬಿನಿಂದ ತಿರುಪುಳಿ ತೆಗೆದು ಬಿಗಿ ಮಾಡಿ
ಚೀಟಿಯನ್ನು ತಾನೇ ಕೊನೆಯ ಸಾಲಿಗೆ ಸರಿಸಿದ.

ಚಪ್ಪಾಳೆ ನಿಲ್ಲುವ ಮೊದಲೇ ಕೇಳಿದ:
"ಉಳಿದ ಪಿಜ್ಜಾ ಯಾವ ಸಾಲಿಗೆ?"