ಒಗರು

ಎಲಿಸಿಯೊ ತೋಳು ಚಾಚಿದ. ಮೊಣಕೈ ಮಡಿಕೆಯಲ್ಲಿ
ಇನ್ನೂ ಮಸಿ; ಮೂರು ಸಲ ಸೋಪು ಹಾಕಿದ್ದನಂತೆ.
"ಬೇಗ ತೆಗಿ ನೊಯೆಲಿಯ, ಎರಡಕ್ಕೆ ಟ್ರಕ್ಕು ಹೊರಡುತ್ತೆ,
ಆಂಗೋಲ್ ಕಡೆ ಪೈನ್ ತೋಪು ಮತ್ತೆ ಹತ್ತಿಕೊಂಡಿದೆ."
ಹತ್ತು ಮಿಲಿಲೀಟರು ತಮ್ಮ
ಹೆಸರು ಕಳಚಿ ಸ್ಟ್ಯಾಂಡಿನಲ್ಲಿ ನಿಂತ:
ನಲವತ್ತೊಂದು.

ತೆಮುಕೊ ಊರಿನ ಮೇಲೆ ಜನವರಿಯ ಹೊಗೆ.
ಲ್ಯಾಬಿನ ಕಿಟಕಿ ಮುಚ್ಚಿದೆ, ಆದರೂ ಕೋಟಿಗೆ ಕಮಟು.
ರಕ್ತ ಗಿರಗಿರ ತಿರುಗಿ ಪದರವಾಯಿತು,
ನಡುವೆ ಉಗುರಂಚಿನಷ್ಟು ಬಿಳಿ.
ಅದನ್ನಷ್ಟೇ ಎತ್ತಿಕೊಂಡೆ,
ಕೆನೆ ಕದಿಯುವ ಹುಡುಗಿಯ ಹಾಗೆ ಉಸಿರು ಹಿಡಿದು.

ಈ ಬಿಳಿಯ ಕಣಗಳೂ ಬೆಂಕಿಯ ಕಸುಬಿನವೇ.
ಕ್ರಿಮಿಯನ್ನು ನುಂಗಿ, ಒಳಗೇ ಒಲೆ ಹೂಡಿ,
ಉಸಿರಿಗೆಂದು ಬಂದ ಆಮ್ಲಜನಕವನ್ನೇ ಕಿಡಿ ಮಾಡಿ
ಸುಡುತ್ತವೆ.
ಎಲಿಸಿಯೊನ ದಳ ಗುಡ್ಡದಲ್ಲಿ ಮಾಡುವುದೂ ಅದನ್ನೇ,
ಬರುವ ಬೆಂಕಿಗೆ ಎದುರು ಬೆಂಕಿ ಇಡುವುದು.
ಆದರೆ ಕಿಚ್ಚಿಗೆ ನಂಟಿಲ್ಲ, ಗುರುತಿಲ್ಲ;
ಗಾಳಿ ಮಗ್ಗುಲು ಬದಲಿಸಿದರೆ
ಹಚ್ಚಿದವನ ಮೈಗೇ ನಾಲಿಗೆ ಚಾಚುತ್ತದೆ:
ಪೊರೆ ಕಮರಿ, ಡಿಎನ್‌ಎ ಎಳೆ ಕಡಿದು,
ಕಾವಲಿಗೆ ನಿಂತದ್ದು ಕಾವಲಿಯಲ್ಲೇ ಕರಿ.

ಹಣ್ಣು ತಂದವಳು ಸುನಿಲ್ಡಾ ವೆನುಪಿಲ್,
ಹೋದ ಬೇಸಿಗೆಗೂ ಹಿಂದಿನ ಬೇಸಿಗೆ ಸುಟ್ಟ ಇಳಿಜಾರಿನಿಂದ
ಒಂದು ಬಕೆಟ್ಟು ಮಕಿ. ಮೆಣಸಿನ ಕಾಳಿಗಿಂತ ತುಸು ದಪ್ಪ,
ಕಪ್ಪೆಂದರೆ ಕಪ್ಪು. ಗಿಡದ ಅಪ್ಪಣೆ ಕೇಳಿಯೇ ಕಿತ್ತಿದ್ದಾಳೆ,
ನೀನೂ ಕೇಳಿ ಅರೆ, ಎಂದಳು.
"ಬೆಂದ ನೆಲದಲ್ಲಿ ಮೊದಲು ತಲೆಯೆತ್ತುವುದು ಇದೇ. ಒಳಗೇನಿದೆ?"
ಪಾಲಿಫಿನಾಲು, ಅಂದೆ.
ಆ ಪದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ಉಗಿದಳು:
"ಒಗರು ಅನ್ನೋಕೇನು ರೋಗ ನಿನಗೆ?"

ಸರಿ. ಒಗರು.
ಗಿಡ ಅದನ್ನು ನಮಗೆಂದು ಕೂಡಿಟ್ಟಿದ್ದಲ್ಲ.
ನೆರಳಿಗೆ ಸರಿಯಲಾರದ್ದು, ಹುಳ ಬಂದರೆ ಓಡಲಾರದ್ದು,
ನಿಂತಲ್ಲೇ ನಿಂತು ಬಿಸಿಲಿಗೆ ಬರೆದ ಉತ್ತರ ಅದು.
ನಾವು ಬೇರೆಯವರ ಕಾಗದ ಒಡೆದು ಓದುತ್ತಿದ್ದೇವೆ.

ತೊಂಬತ್ತಾರು ಗುಂಡಿಯ ತಟ್ಟೆ.
ಒಂದು ಬಣ್ಣ ಹಾಕುತ್ತೇವೆ, ಅದರ ಭಾಷೆ ತಿರುಗಾಮುರುಗಾ:
ಹಸಿರು ಹೊಳೆಯಿತೆಂದರೆ ಒಳಗೆ ಸುಡುತ್ತಿದೆ.
ಪೆರಾಕ್ಸೈಡು ಬಿದ್ದದ್ದೇ ತಡ, ಮೇಲಿನ ಸಾಲು
ಮಳೆ ಕಂಡ ಗದ್ದೆ.
ಒಗರು ಕುಡಿದ ಸಾಲು ಕತ್ತಲು. ಆಹಾ, ಎಂಥ ಕತ್ತಲು!

ಬೆಂಕಿಗೆ ನೀರೆರಚಿತೇ? ಸ್ವಲ್ಪ, ಇರಬಹುದು.
ಹೆಚ್ಚು ಮಾಡಿದ್ದು ಬೇರೆ:
ತಾನೇ ಒಂದು ಸಣ್ಣ ಕಿರುಕುಳವಾಗಿ ಬಾಗಿಲು ತಟ್ಟಿ
ಮಲಗಿದ್ದ ಮನೆಯವರನ್ನು ಎಬ್ಬಿಸಿತು.
ಕೊಡಗಳು ಮೊದಲಿಂದಲೂ ಒಳಗೇ ಇದ್ದವು.

ಸಂತೆಯಲ್ಲಿ ಇದೇ ರಸದ ಬಾಟಲಿಗೆ
"ಸಕಲ ರೋಗಕ್ಕೆ" ಎಂದು ಚೀಟಿ ಅಂಟಿಸಿದ್ದಾರೆ.
ನಾನು ಅದಕ್ಕೆ ಸಹಿ ಹಾಕಲಾರೆ. ತಟ್ಟೆ ಮೈಯಲ್ಲ.
ಕರುಳು ಕೀಳುತ್ತದೆ, ಯಕೃತ್ತು ಹೆಸರು ಬದಲಿಸುತ್ತದೆ,
ನೆತ್ತರ ಬಾಗಿಲಿಗೆ ಬರುವಷ್ಟರಲ್ಲಿ
ಬಕೆಟ್ಟು ಬೊಗಸೆ, ಬೊಗಸೆ ಹನಿ.

ನಲವತ್ತೊಂದರ ಸಾಲು ಕೊನೆಗೆ ನೋಡಿದೆ.
ಏನೂ ಹಾಕದ ಗುಂಡಿ, ಬರೀ ಅವನು,
ಬಣ್ಣ, ಉಪ್ಪುನೀರು.
ಹಸಿರು.
ಯಂತ್ರ ಕೆಟ್ಟಿದೆಯೆಂದು ಎರಡು ಸಲ ಓದಿಸಿದೆ.
ಕೆಟ್ಟಿರಲಿಲ್ಲ.

ಸಂಜೆ ಫೋನಿಗೊಂದು ಚಿತ್ರ: ಹೆಲ್ಮೆಟ್ಟಿನ ತುಂಬ ಮಕಿ,
ಹಲ್ಲೆಲ್ಲ ನೇರಳೆ ಮಾಡಿಕೊಂಡು ನಗುವವನು,
ಹಿಂದೆ ಗುಡ್ಡ ಉರಿಯುತ್ತಿದೆ.
"ಗಾಳಿ ತಿರುಗಿತು, ಇಳಿಯುತ್ತಿದ್ದೇವೆ. ಇದೇನೇ ಇಷ್ಟು ಒಗರು?"

ತಿನ್ನು, ಎಂದು ಬರೆದೆ.
ಎಷ್ಟು ತಲುಪುತ್ತದೋ ಗೊತ್ತಿಲ್ಲ, ಎಂದು ಬರೆದು ಅಳಿಸಿದೆ.
ತಿನ್ನು.