ಮೂವತ್ತೇಳು ಸೆಕೆಂಡು

ಹಾಸನದಾಚೆ, ದುದ್ದದ ರಸ್ತೆಯ ವಿದ್ಯುತ್ ಕೇಂದ್ರದಲ್ಲಿ
ರಾತ್ರಿ ಪಾಳಿಯ ಧರಣೇಂದ್ರಯ್ಯ
ಲೈನು ಬಿದ್ದದ್ದನ್ನು ಬಿದ್ದ ಮೇಲೆ ಬರೆದರೋ
ಬೀಳುವ ಮೊದಲೋ
ಎಂಬುದು ಮೇಲಿನವರ ಪ್ರಶ್ನೆ.

ಅವರ ಪುಸ್ತಕದಲ್ಲಿ ಎರಡು ಹದಿನಾಲ್ಕು ಹನ್ನೊಂದು.
ಪೆಟ್ಟಿಗೆಯ ದಾಖಲೆಯಲ್ಲಿ ಎರಡು ಹದಿನಾಲ್ಕು ನಲವತ್ತೆಂಟು.
ಆಗದ್ದನ್ನು ಮೊದಲೇ ಬರೆದಿಡಲು
ಇವರೇನು ಪಂಚಾಂಗದವರೇ?
ತಾವೇ ಸ್ವಿಚ್ಚು ತೆಗೆದು ನೆಪ ಹೇಳುತ್ತಿದ್ದಾರೆಂದು
ನೋಟೀಸು ಬಂತು.
ಪೆಟ್ಟಿಗೆ ನೋಡಲು ನಾನು ಬಂದೆ.

'ಕಂಡದ್ದು ಬರೆದಿದೀನಿ' ಎಂದರು. ಅಷ್ಟೇ.

ಅಂಗೈಯಗಲದ ಬೋರ್ಡು, ಒಳಗೊಂದು ಪುಟ್ಟ ಲಿನಕ್ಸು,
ಚಾವಣಿಯಲ್ಲಿ ಉಪಗ್ರಹಕ್ಕೆ ಕಿವಿಗೊಟ್ಟ ಆಂಟೆನಾ.
ಏಣಿ ಹತ್ತಿದೆ. ಕಾಗೆ ಕೂತೆದ್ದ ಗುರುತು, ಬೇರೇನಿಲ್ಲ.
ಕೇಬಲ್ಲು ಬದಲಿಸಿದೆ. ಸೆಲ್ಲು ಬದಲಿಸಿದೆ.
ಆರಿಸಿ, ಹತ್ತು ಎಣಿಸಿ, ಹಚ್ಚಿದೆ.
ಪರದೆ ನನ್ನನ್ನೇ ಸಮಾಧಾನ ಮಾಡಿತು:
ಲಾಕ್ ಆಗಿದೆ, ಅಂತರ ಎಂಬತ್ತು ನ್ಯಾನೋಸೆಕೆಂಡು.
ಪಕ್ಕದಲ್ಲಿ ಕೂತ ಫೋನು ಮಾತ್ರ
ಮೂವತ್ತೇಳು, ಮೂವತ್ತೇಳು ಅನ್ನುತ್ತಿತ್ತು.

ಮಧ್ಯಾಹ್ನವೂ ಅದೇ, ನಡುರಾತ್ರಿಯೂ ಅದೇ.
ಬಿಸಿಲಿಗೆ ಹಿಗ್ಗಲಿಲ್ಲ, ಮಂಜಿಗೆ ಕುಗ್ಗಲಿಲ್ಲ.
ಮೂರನೆಯ ಟೀ ಆರುವಾಗ ಹೊಳೆಯಿತು:
ಕೆಟ್ಟ ಗಡಿಯಾರ ದಿನಕ್ಕಿಷ್ಟು ಜಾರುತ್ತದೆ,
ನೆಟ್ಟ ಗೂಟದ ಹಾಗೆ ನಿಲ್ಲುವುದಿಲ್ಲ.
ಇದರ ಪಂಚಾಂಗವೇ ಬೇರೆ.

ಪರಮಾಣು ಎಣಿಸುವ ಕಾಲ ಯಾರಿಗೂ ಕಾಯದು.
ಭೂಮಿಗೋ, ತಿರುಗುವಾಗ ಒಂದಿಷ್ಟು ಹೆಜ್ಜೆ ತಡ.
ನಮ್ಮ ಗಡಿಯಾರಗಳು ಆಗೀಗ
ಬಾಗಿಲಲ್ಲೊಂದು ಸೆಕೆಂಡು ನಿಂತು
ಅವಳನ್ನೂ ಜೊತೆಗೆ ಕರೆದುಕೊಂಡಿವೆ.
ಆ ಬಾಕಿಯೆಲ್ಲ ಕೂಡಿ ಮೂವತ್ತೇಳು.
ಪೆಟ್ಟಿಗೆಗೆ ಇದನ್ನು ಯಾರೂ ಹೇಳಿರಲಿಲ್ಲ;
ಸೆಟ್ಟಿಂಗಿನ ಆ ಸಾಲಿನಲ್ಲಿ ಸೊನ್ನೆ.

'ನಿಮ್ಮ ವಾಚಿಗೆ ಟೈಮು ಎಲ್ಲಿಂದ?'
'ರೇಡಿಯೋದಲ್ಲಿ ಕೊನೇ ಪೀಪ್ ಬರುತ್ತಲ್ಲ,
ಆವಾಗ ತಿರುಪು ಒತ್ತುತೀನಿ. ದಿನಾ.'

ಸೊನ್ನೆ ಅಳಿಸಿ ಮೂವತ್ತೇಳು ಬರೆದೆ.
ಪೆಟ್ಟಿಗೆ ಹಿಂದಕ್ಕೆ ಜಿಗಿದು
ಆಗಷ್ಟೇ ಕಳೆದ ಅರೆನಿಮಿಷವನ್ನು
ಇನ್ನೊಮ್ಮೆ, ನಾಚಿಕೆಯಿಲ್ಲದೆ, ಕಳೆಯಿತು.

ಧರಣೇಂದ್ರಯ್ಯ ಪುಸ್ತಕ ತೆರೆದರು:
ಐದು ನಲವತ್ತೊಂದು ಒಂಬತ್ತು. ಯಂತ್ರದ ಗಡಿಯಾರ ಸರಿಪಡಿಸಲಾಯಿತು.
ಸರಿಪಡಿಸಲಾಯಿತು ಎಂಬಲ್ಲಿ ಪೆನ್ನು ತುಸು ಒತ್ತಿತ್ತು.

ಬೇಲಿಯಾಚೆ ಆಲೂಗೆಡ್ಡೆ ಹೊಲ.
ಮೂವತ್ತು ವರ್ಷದಿಂದ ಅದರ ಪಕ್ಕ ಕೂತೂ
ಒಂದು ಗೆಡ್ಡೆ ಬಾಯಿಗಿಟ್ಟವರಲ್ಲ,
ಹೊತ್ತು ಮುಳುಗಿದ ಮೇಲೆ ಉಂಡವರೂ ಅಲ್ಲ.
ನೋಟೀಸಿಗೆ ಉತ್ತರ ಹೇಗೆ ಬರೆಯಬೇಕೆಂದು
ನಾನಿನ್ನೂ ಹೇಳುತ್ತಲೇ ಇದ್ದೆ.
ಅವರು ವಾಚು ನೋಡಲಿಲ್ಲ,
ಕಿಟಕಿ ನೋಡಿದರು,
ಬುತ್ತಿ ಬಿಚ್ಚಿದರು.